‘ಟ್ಯಾಟೂ’ ಹುಟ್ಟಿದ್ದು ನಮ್ಮ ‘ತಟ್ಟು’ವಿನಿಂದಲೇ?

ಪ್ರಶ್ನೆ: ‘ಟ್ಯಾಟೂ’ ಎಂಬುದು ಕನ್ನಡದ ‘ತಟ್ಟು’ ಪದದಿಂದ ಇಂಗ್ಲಿಷಿಗೆ ಹೋಗಿದ್ದು ಎಂದು ವಾಟ್ಸಾಪಿನಲ್ಲಿ ಒಂದು ಸಂದೇಶ ಬಂದಿತ್ತು. ಸೂಜಿಯಿಂದ ತಟ್ಟಿ ತಟ್ಟಿ ಹಾಕುವುದರಿಂದ ಈ ಹೆಸರು ಎಂದು ಅದರಲ್ಲಿತ್ತು. ಇದು ನಿಜವೇ? ಆ ಪದ ಬರುವ ಮೊದಲು ಇಂಗ್ಲಿಷಿನವರು ಇದನ್ನು ಏನೆಂದು ಕರೆಯುತ್ತಿದ್ದರು? ಹಾಗೆಯೇ ನಮ್ಮ ‘ಹಚ್ಚೆ’ ಎಲ್ಲಿಂದ ಬಂತು? ‘ಹಚ್ಚು’ ಎಂಬುದರಿಂದಲೇ ಅಲ್ವಾ?

ಉತ್ತರ: ಮೊದಲನೆಯದಕ್ಕೆ ನೇರವಾಗಿ ಹೇಳಿಬಿಡುತ್ತೇನೆ: ಇಲ್ಲ. ಟ್ಯಾಟೂಗೂ ನಮ್ಮ ತಟ್ಟುಗೂ ಯಾವ ನಂಟೂ ಇಲ್ಲ. ಹಾಗಂತ ಸಂದೇಶ ಬರೆದವರನ್ನು ನೋಡಿ ನಗುವಂತೆಯೂ ಇಲ್ಲ. ಅವರ ಊಹೆಯಲ್ಲಿ ಅರ್ಧ ಸರಿ ಇದೆ. ಟ್ಯಾಟೂ ಪದದೊಳಗೆ ನಿಜವಾಗಿಯೂ ‘ಬಡಿ, ಹೊಡೆ’ ಎಂಬ ಅರ್ಥ ಕೂತಿದೆ. ಆದರೆ ಆ ಬಡಿತ ಪೆಸಿಫಿಕ್ ಸಾಗರದ ದ್ವೀಪಗಳದ್ದು.

ಈ ಪದ ಇಂಗ್ಲಿಷಿಗೆ ಬಂದ ದಾರಿ ಅಪರೂಪಕ್ಕೆ ಸ್ಪಷ್ಟವಾಗಿದೆ. ಹೆಚ್ಚಿನ ಪದಗಳು ಯಾವಾಗ, ಯಾರ ಬಾಯಿಂದ ಬಂದವು ಅಂತ ಹೇಳುವುದು ಕಷ್ಟ. ಇದರ ವಿಷಯದಲ್ಲಿ ಹಡಗಿನ ಹೆಸರನ್ನೂ ಹೇಳಬಹುದು. 1769ರ ಜೂನ್ 3ರಂದು ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಗುವುದಿತ್ತು. ಅದನ್ನು ಅಳೆಯಲು ಬ್ರಿಟಿಷ್ ನೌಕಾಪಡೆಯ ಜೇಮ್ಸ್ ಕುಕ್ ‘ಎಂಡೆವರ್’ ಎಂಬ ಹಡಗಿನಲ್ಲಿ ತಹೀತಿ ದ್ವೀಪಕ್ಕೆ ಹೋಗಿದ್ದ. ಏಪ್ರಿಲ್‌ನಲ್ಲಿ ತಲುಪಿದವರು ಜುಲೈವರೆಗೆ ಅಲ್ಲೇ ಇದ್ದರು. ಅಲ್ಲಿನ ಗಂಡಸರು, ಹೆಂಗಸರು ಇಬ್ಬರ ಮೈಮೇಲೂ ಕಪ್ಪು ಗುರುತುಗಳಿದ್ದವು. ಅವರ ಭಾಷೆಯಲ್ಲಿ ಅದಕ್ಕೆ ‘ತತಾವು’ ಎನ್ನುತ್ತಿದ್ದರು. ಕುಕ್ ಕಿವಿಗೆ ಬಿದ್ದಂತೆ ‘ಟ್ಯಾಟೌ’ ಎಂದು ದಿನಚರಿಯಲ್ಲಿ ಬರೆದುಕೊಂಡ. ಚರ್ಮದ ಕೆಳಗೆ ಕಪ್ಪು ಬಣ್ಣ ಸೇರಿಸುತ್ತಾರೆ, ಅದು ಅಳಿಸುವುದೇ ಇಲ್ಲ ಎಂದು ವಿವರಣೆಯನ್ನೂ ಕೊಟ್ಟ.

ಅದೇ ಹಡಗಿನಲ್ಲಿ ಜೋಸೆಫ್ ಬ್ಯಾಂಕ್ಸ್ ಎಂಬ ಸಸ್ಯಶಾಸ್ತ್ರಜ್ಞನೂ ಇದ್ದ. ಈತ ಕುಕ್‌ಗಿಂತ ಜಾಸ್ತಿ ಬರೆದ. ಹಲ್ಲು ಹಲ್ಲಾಗಿರುವ ಪುಟ್ಟ ಉಪಕರಣ, ಅದನ್ನು ಬಡಿಯಲು ಒಂದು ಕೋಲು, ಎಣ್ಣೆಬೀಜ ಸುಟ್ಟ ಮಸಿ, ಚಿಮ್ಮುವ ರಕ್ತ, ಎಲ್ಲವನ್ನೂ ಹತ್ತಿರದಿಂದ ನೋಡಿ ದಾಖಲಿಸಿದ. ಇಷ್ಟೊಂದು ನೋವನ್ನು ಯಾಕೆ ತಿನ್ನುತ್ತೀರಿ ಎಂದು ನೂರಾರು ಜನರನ್ನು ಕೇಳಿದನಂತೆ. ಒಬ್ಬರೂ ಕಾರಣ ಹೇಳಲಿಲ್ಲ ಎಂದು ಬೇಸರಪಟ್ಟುಕೊಂಡಿದ್ದಾನೆ. ಹಡಗಿನ ಚಿತ್ರಕಾರ ಸಿಡ್ನಿ ಪಾರ್ಕಿನ್ಸನ್ ಮಾತ್ರ ಕಾರಣ ಕೇಳುತ್ತ ಕೂರಲಿಲ್ಲ. ಇನ್ನೂ ಕೆಲವರ ಜೊತೆ ಸೇರಿ ತಾನೂ ತೋಳಿಗೆ ಹಾಕಿಸಿಕೊಂಡ. ಪಾಪ, ಊರು ಸೇರಲಿಲ್ಲ. 1771ರಲ್ಲಿ ವಾಪಸು ಬರುವ ದಾರಿಯಲ್ಲಿ ಕಾಯಿಲೆ ಬಿದ್ದು ಸತ್ತ.

1773ರಲ್ಲಿ ಈ ಯಾನದ ಅಧಿಕೃತ ವರದಿ ಪುಸ್ತಕವಾಗಿ ಹೊರಬಂತು. ಜನ ಮುಗಿಬಿದ್ದು ಓದಿದರು. ಮರುವರ್ಷ ಮಾಯ್ ಎಂಬ ದ್ವೀಪವಾಸಿ ಕುಕ್‌ನ ಎರಡನೇ ಯಾನದ ಹಡಗೊಂದರಲ್ಲಿ ಲಂಡನ್ನಿಗೇ ಬಂದಿಳಿದ. ಆತನ ಕೈಮೇಲಿನ ಗುರುತುಗಳನ್ನು ಜನ ಕಣ್ಣಾರೆ ನೋಡಿದರು. ಪದ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ನಿಂತಿತು. ಯುರೋಪಿನ ಬೇರೆ ಭಾಷೆಗಳೂ ಅದನ್ನೇ ತಮ್ಮ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡವು. ‘ಟ್ಯಾಬೂ’, ಅಂದರೆ ನಿಷಿದ್ಧ, ಎಂಬ ಪದ ಬಂದದ್ದೂ ಹೀಗೆಯೇ. ಕುಕ್ ಅದನ್ನು 1777ರಲ್ಲಿ ಟೋಂಗಾ ದ್ವೀಪಗಳಲ್ಲಿ ಕೇಳಿಸಿಕೊಂಡ.

ಈಗ ಅರ್ಥಕ್ಕೆ ಬರೋಣ. ತತಾವು ಪದದ ಬೇರಿನಲ್ಲಿರುವುದು ‘ತಾ’. ಪಾಲಿನೇಷ್ಯಾದ, ಅಂದರೆ ಪೆಸಿಫಿಕ್ ಸಾಗರದ ಈ ದ್ವೀಪಸಮೂಹದ, ಭಾಷೆಗಳಲ್ಲಿ ಅದಕ್ಕೆ ಹೊಡೆ, ಬಡಿ ಎಂಬ ಅರ್ಥ. ಅಲ್ಲಿನ ವಿಧಾನ ನೋಡಿದರೆ ಇದು ಸರಿಯಾಗಿ ಹೊಂದುತ್ತದೆ. ಮೂಳೆಯಿಂದಲೋ ಹಂದಿಯ ಕೋರೆಯಿಂದಲೋ ಮಾಡಿದ ಬಾಚಣಿಗೆಯಂಥ ಹಲ್ಲುಪಟ್ಟಿಯನ್ನು ಹಿಡಿಗೆ ಕಟ್ಟಿರುತ್ತಾರೆ. ಹಲ್ಲನ್ನು ಮಸಿಯಲ್ಲಿ ಅದ್ದಿ, ಚರ್ಮದ ಮೇಲಿಟ್ಟು, ಇನ್ನೊಂದು ಕೋಲಿನಿಂದ ಹಿಡಿಯನ್ನು ಬಡಿಯುತ್ತಾರೆ. ಸಮೋವಾದಲ್ಲಿ ಈ ಕೆಲಸ ಮಾಡುವ ಕುಶಲಿಗೆ ‘ತುಫುಙ ತಾ ತತಾವು’ ಎಂದೇ ಹೆಸರು. ‘ತುಫುಙ’ ಎಂದರೆ ಒಂದು ಕಸುಬಿನಲ್ಲಿ ಪಳಗಿದವನು. ಗಂಡಸರಿಗೆ ಸೊಂಟದಿಂದ ಮೊಣಕಾಲಿನವರೆಗೆ ಹಾಕುವ ವಿನ್ಯಾಸಕ್ಕೆ ‘ಪೆಅ’, ಹೆಂಗಸರದ್ದಕ್ಕೆ ‘ಮಾಲು’ ಎಂಬ ಬೇರೆ ಹೆಸರುಗಳಿವೆ.

ನ್ಯೂಜಿಲೆಂಡಿನ ಮಾವೋರಿಗಳು ಮುಖದ ಮೇಲೆ ಬರೆಸಿಕೊಳ್ಳುವುದಕ್ಕೆ ‘ತಾ ಮೊಕೊ’ ಎನ್ನುತ್ತಾರೆ. ಅಲ್ಲೂ ಅದೇ ‘ತಾ’. ಮುದ್ರಣಯಂತ್ರ ಬಂದ ಮೇಲೆ ಅವರು ‘ಅಚ್ಚು ಹಾಕು’ ಎನ್ನುವುದಕ್ಕೂ ಇದೇ ಪದ ಬಳಸಿಕೊಂಡರು. ಇನ್ನೊಂದು ತುದಿಯಲ್ಲಿ, ಸುಮಾರು 7,000 ಕಿಲೋಮೀಟರ್ ದೂರದ ಹವಾಯಿಯಲ್ಲಿ, ಪದ ‘ಕಾಕಾವು’ ಎಂದಾಗಿದೆ. ಇದೇನು, ತ ಹೋಗಿ ಕ ಬಂತು ಅಂತ ಗಾಬರಿಯಾಗಬೇಡಿ. ಹವಾಯಿ ಭಾಷೆಯಲ್ಲಿ ಹಳೆಯ ತಕಾರವೆಲ್ಲ ಕಕಾರವಾಗಿದೆ. ಟ್ಯಾಬೂವಿನ ಮೂಲವಾದ, ಉಳಿದವರ ‘ತಪು’ ಅವರಿಗೆ ‘ಕಪು’. ಮಾವೋರಿಯ ‘ತಂಗತ’, ಅಂದರೆ ಮನುಷ್ಯ, ಅವರಿಗೆ ‘ಕನಕ’. ಹಾಗೆ ತತಾವು ಕಾಕಾವು ಆಯಿತು. ಅಲ್ಲಿ ಅದಕ್ಕೆ ‘ಬರೆ’ ಎಂಬ ಅರ್ಥವೂ ಇದೆ. ಪತ್ರ ಬರೆಯುವುದೂ ಕಾಕಾವು, ಮೈಮೇಲೆ ಬರೆಯುವುದೂ ಕಾಕಾವು.

ಇಲ್ಲೊಂದು ಚಾಲ್ತಿಯಲ್ಲಿರುವ ಕಥೆಯನ್ನು ಬದಿಗಿಡಬೇಕು. ಸಮೋವಾ ಭಾಷೆಯಲ್ಲಿ ‘ತತಾವು’ ಎಂದರೆ ‘ಸರಿಯಾದದ್ದು, ಮಾಡಲೇಬೇಕಾದದ್ದು’ ಎಂಬ ಅರ್ಥವೂ ಉಂಟು. ಹಾಗಾಗಿ ಟ್ಯಾಟೂ ಎಂದರೆ ‘ಸಮತೋಲ’, ‘ಧರ್ಮ’ ಎಂದೆಲ್ಲ ಬರೆಯುವವರಿದ್ದಾರೆ. ಸಮೋವಾದವರೇ ಹೆಮ್ಮೆಯಿಂದ ಹಾಗೆ ಅರ್ಥ ಹೇಳಿಕೊಂಡರೆ ಅದು ಅವರ ಹಕ್ಕು. ಪದದ ಮೂಲ ಹುಡುಕುವವರು ಮಾತ್ರ ಅದನ್ನು ಒಪ್ಪಬೇಕಿಲ್ಲ. ನಮ್ಮಲ್ಲಿ ‘ಬರೆ’ ಎಂದರೆ ಅಕ್ಷರ ಬರೆಯುವುದು, ಕಾಯಿಸಿ ಹಾಕುವುದೂ ಬರೆ. ಒಂದೇ ಉಚ್ಚಾರ ಇದ್ದ ಮಾತ್ರಕ್ಕೆ ಒಂದರ ಅರ್ಥವನ್ನು ಇನ್ನೊಂದಕ್ಕೆ ಹೊರಿಸಲು ಬರುವುದಿಲ್ಲ.

ಸರಿ, ‘ತಾ’ ಎಂದರೂ ಬಡಿ, ‘ತಟ್ಟು’ ಎಂದರೂ ಬಡಿ. ಮತ್ಯಾಕೆ ನಂಟಿಲ್ಲ ಎನ್ನುತ್ತೀರಿ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ತಟ್ಟು ದ್ರಾವಿಡ ಪದ, ತಮಿಳು, ತೆಲುಗು, ಮಲಯಾಳಗಳಲ್ಲೂ ಇದೆ. ಅದು ಹಳೆಯದು ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಅದರಿಂದ ಟ್ಯಾಟೂ ಬಂತು ಎನ್ನಬೇಕಾದರೆ ಮಧ್ಯದ ದಾರಿಯನ್ನು ತೋರಿಸಬೇಕು. ಕನ್ನಡದವರು ಮತ್ತು ತಹೀತಿಯವರು ಎಲ್ಲಿ ಭೇಟಿಯಾದರು? ಬೇರೆ ಯಾವ ಯಾವ ಪದಗಳು ಜೊತೆಗೆ ಹೋದವು? ಒಂದೇ ಒಂದು ಪದ ಮಾತ್ರ ಸಾಗರ ದಾಟಿ ಹೋಗಿ, ಸಮೋವಾದಿಂದ ಹವಾಯಿವರೆಗೆ ಹರಡಿ, ಆಯಾ ಭಾಷೆಯ ಧ್ವನಿನಿಯಮಕ್ಕೆ ತಕ್ಕಂತೆ ಬದಲಾಗಿ ಕೂತಿತು ಎಂದರೆ ನಂಬುವುದು ಹೇಗೆ? ಕುಕ್‌ಗೆ ಪದ ಸಿಕ್ಕಿದ್ದು ತಹೀತಿಯಲ್ಲಿ ಎಂಬುದಕ್ಕೆ ಅವನ ಕೈಬರಹವೇ ಇದೆ. ಆ ದಾರಿಯಲ್ಲಿ ಕನ್ನಡ ಎಲ್ಲೂ ಸಿಗುವುದಿಲ್ಲ.

ಇಂಥ ಆಕಸ್ಮಿಕ ಹೋಲಿಕೆಗಳು ನಾವು ಅಂದುಕೊಂಡಿರುವುದಕ್ಕಿಂತ ಜಾಸ್ತಿ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಭಾಷೆಗಳಲ್ಲಿ ಎಂಬಬರಮ್ ಎಂಬುದೊಂದಿದೆ. ಅದರಲ್ಲಿ ನಾಯಿಗೆ ‘ಡಾಗ್’ ಎನ್ನುತ್ತಾರೆ! ಇಂಗ್ಲಿಷಿನಿಂದ ಕಲಿತದ್ದಲ್ಲ, ಅವರದೇ ಹಳೆಯ ಪದ ಸವೆದು ಸವೆದು ಹಾಗಾಗಿದೆ. ಪರ್ಶಿಯನ್ ಭಾಷೆಯಲ್ಲಿ ಕೆಟ್ಟದ್ದಕ್ಕೆ ‘ಬದ್’, ಇಂಗ್ಲಿಷಿನಲ್ಲಿ ‘ಬ್ಯಾಡ್’. ಅವೆರಡಕ್ಕೂ ನಂಟಿಲ್ಲ. ಅದರಲ್ಲೂ ಬಡಿಯುವುದು, ಒಡೆಯುವುದು, ಊದುವುದು ಇಂಥ ಪದಗಳು ಸದ್ದನ್ನೇ ಅನುಕರಿಸಿ ಹುಟ್ಟುವುದು ಸಾಮಾನ್ಯ. ಬಾಗಿಲು ಬಡಿದರೆ ಯಾವ ಊರಲ್ಲಾದರೂ ಟಕಟಕ ಎಂದೇ ಕೇಳುತ್ತದೆ.

ಹೋಲಿಕೆ ಎಷ್ಟು ಮೋಸ ಮಾಡುತ್ತದೆ ಎನ್ನುವುದಕ್ಕೆ ಟ್ಯಾಟೂ ಪದವೇ ಒಳ್ಳೆಯ ಉದಾಹರಣೆ. ಇಂಗ್ಲಿಷಿನಲ್ಲಿ ಒಂದಲ್ಲ, ಮೂರು ಟ್ಯಾಟೂಗಳಿವೆ. ಸೈನ್ಯದ ರಾತ್ರಿ ನಗಾರಿಗೂ, ಬ್ಯಾಂಡು ಮೇಳದ ಕವಾಯತಿಗೂ ಟ್ಯಾಟೂ ಎನ್ನುತ್ತಾರೆ. ಬೆರಳಿಂದ ಮೇಜು ಕುಟ್ಟುವುದಕ್ಕೂ ಅದನ್ನೇ ಬಳಸುತ್ತಾರೆ. ‘ಬಡಿಯುವುದು ಅಂದರೆ ಟ್ಯಾಟೂ, ಚರ್ಮಕ್ಕೆ ಬಡಿಯುವುದೂ ಟ್ಯಾಟೂ, ಎರಡೂ ಒಂದೇ’ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ನಗಾರಿಯ ಟ್ಯಾಟೂ ಡಚ್ ಭಾಷೆಯದು. ಅದರ ಮೂಲ ‘ತಪ್ ತೂ’, ಅಂದರೆ ‘ನಲ್ಲಿ ಮುಚ್ಚು’. ರಾತ್ರಿಯಾದ ಮೇಲೆ ಹೆಂಡದಂಗಡಿಯವರು ಪೀಪಾಯಿಯ ನಲ್ಲಿ ಮುಚ್ಚಬೇಕು, ಸೈನಿಕರು ಬಿಡಾರಕ್ಕೆ ಮರಳಬೇಕು ಎಂಬ ಸೂಚನೆಗೆ ನಗಾರಿ ಬಾರಿಸುತ್ತಿದ್ದರು. ಇಂಗ್ಲಿಷಿನಲ್ಲಿ ಇದು 1644ರಲ್ಲೇ ಕಾಣಿಸಿಕೊಂಡಿದೆ, ಕುಕ್ ತಹೀತಿಗೆ ಹೋಗುವುದಕ್ಕೆ 125 ವರ್ಷ ಮೊದಲು. ಅಲ್ಲಿ ಬಡಿತ ಬಂದದ್ದು ನಗಾರಿಯಿಂದ, ಪದದ ಅರ್ಥದಿಂದಲ್ಲ. ಕುಕ್ ಬರೆದ ‘ಟ್ಯಾಟೌ’ ಮುಂದೆ ‘ಟ್ಯಾಟೂ’ ಆಗಿ ನೆಲೆಸುವುದಕ್ಕೆ ಮೊದಲೇ ಬಾಯಲ್ಲಿದ್ದ ಈ ಪದದ ಸೆಳೆತವೂ ಇದ್ದೀತು ಎಂದು ನನ್ನ ಅಂದಾಜು. ಮೂರನೆಯ ಟ್ಯಾಟೂ ಇನ್ನೂ ತಮಾಷೆಯದು. ಭಾರತದಲ್ಲಿದ್ದ ಇಂಗ್ಲಿಷರು ಗಿಡ್ಡ ಕುದುರೆಯನ್ನು ಟ್ಯಾಟೂ ಎನ್ನುತ್ತಿದ್ದರು. ಅದು ಹಿಂದಿಯ ‘ಟಟ್ಟೂ’, ನಾವು ‘ತಟ್ಟು’ ಎನ್ನುವ ಅದೇ ಕುದುರೆ. ನಿಮ್ಮ ವಾಟ್ಸಾಪ್ ಮಿತ್ರರು ಕುದುರೆಯ ವಿಷಯ ಬರೆದಿದ್ದರೆ ಗುರಿಯ ಹತ್ತಿರವಾದರೂ ಬರುತ್ತಿದ್ದರು!

ಕುಕ್‌ಗಿಂತ ಮೊದಲು ಏನೆನ್ನುತ್ತಿದ್ದರು ಎಂಬ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. ಯಾಕೆಂದರೆ ಪದ 1769ರಲ್ಲಿ ಬಂತು ಎಂದಕೂಡಲೇ, ಯುರೋಪಿಗೆ ಆ ಪದ್ಧತಿಯೇ ಆಗ ಬಂತು ಎಂದು ಬರೆದುಬಿಡುವವರಿದ್ದಾರೆ. ಅದು ತಪ್ಪು. ಆಲ್ಪ್ಸ್ ಪರ್ವತದ ಮಂಜಿನಲ್ಲಿ 1991ರಲ್ಲಿ ಸಿಕ್ಕ ಓಟ್ಸಿ ಎಂಬ ಶವಕ್ಕೆ 5,000 ವರ್ಷಕ್ಕೂ ಹೆಚ್ಚು ವಯಸ್ಸು. ಅವನ ಮೈಮೇಲೆ 61 ಗುರುತುಗಳಿವೆ. ಪದ್ಧತಿ ಇತ್ತು, ಒಂದು ನೆಲೆನಿಂತ ಹೆಸರು ಇರಲಿಲ್ಲ, ಅಷ್ಟೇ. ಇಂಗ್ಲಿಷಿನಲ್ಲಿ ‘ಬಣ್ಣ ಬಳಿದ’, ‘ಚುಚ್ಚಿದ’, ‘ಗುರುತು ಹಾಕಿದ’ ಎಂದು ಬಾಯಿಗೆ ಬಂದಂತೆ ಹೇಳುತ್ತಿದ್ದರು. 1691ರಲ್ಲಿ ವಿಲಿಯಂ ಡ್ಯಾಂಪಿಯರ್ ಎಂಬ ನಾವಿಕ, ಈಗಿನ ಫಿಲಿಪೀನ್ಸ್ ಮತ್ತು ಇಂಡೊನೇಷ್ಯಾದ ನಡುವಿನ ದ್ವೀಪದ ಒಬ್ಬ ಗುಲಾಮನನ್ನು ಲಂಡನ್ನಿಗೆ ತಂದ. ದುಡ್ಡು ತೆಗೆದುಕೊಂಡು ಅವನ ಮೈಯನ್ನು ಜನರಿಗೆ ತೋರಿಸಿದರು. ಅವನನ್ನು ಕರೆದದ್ದು ‘ಬಣ್ಣದ ರಾಜಕುಮಾರ’ ಎಂದು. ಈ ಅರ್ಥದ ಟ್ಯಾಟೂ ಪದ ಆಗ ಇಂಗ್ಲಿಷಿನವರಿಗೆ ಗೊತ್ತಿರಲಿಲ್ಲ. ಆ ಬಡಪಾಯಿ ಮರುವರ್ಷವೇ ಆಕ್ಸ್‌ಫರ್ಡ್‌ನಲ್ಲಿ ಸಿಡುಬಿನಿಂದ ತೀರಿಕೊಂಡ.

ಬೈಬಲ್‌ನ ಯಾಜಕಕಾಂಡದಲ್ಲಿ ಮೈಮೇಲೆ ಗುರುತು ಹಾಕಿಕೊಳ್ಳಬೇಡಿ ಎಂಬ ಮಾತು ಬರುತ್ತದೆ. 1611ರ ಇಂಗ್ಲಿಷ್ ಬೈಬಲ್ ಅದನ್ನು ‘ಗುರುತುಗಳನ್ನು ಅಚ್ಚೊತ್ತಬೇಡಿ’ ಎಂದು ಅನುವಾದಿಸಿದೆ. ಈಚಿನ ಇಂಗ್ಲಿಷ್ ಬೈಬಲ್‌ಗಳಲ್ಲಿ ಅದೇ ಜಾಗದಲ್ಲಿ ‘ಟ್ಯಾಟೂ’ ಇದೆ. ಮೋಶೆಯ ಕಾಲದ ನಿಯಮದೊಳಗೆ ತಹೀತಿಯ ಪದ ಹೋಗಿ ಕೂತಿದೆ.

ಹಳೆಯ ಗ್ರೀಕರಿಗೆ ಮಾತ್ರ ಸ್ಪಷ್ಟವಾದ ಪದವಿತ್ತು: ‘ಸ್ತಿಗ್ಮ’. ಚುಚ್ಚು ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ್ದು. ಇದನ್ನು ಕಾದ ಕಬ್ಬಿಣದ ಬರೆ ಎಂದು ಬಹಳ ಕಾಲ ಅನುವಾದಿಸಿದರು. ಆದರೆ ಹೆಚ್ಚಿನ ಕಡೆ ಅದು ಸೂಜಿ ಮತ್ತು ಮಸಿಯ ಗುರುತೇ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ ಒಂದು ಪ್ರಸಂಗ ಕೇಳಿ. ಪರ್ಶಿಯಾದ ರಾಜನ ಬಳಿ ಸಿಕ್ಕಿಕೊಂಡಿದ್ದ ಹಿಸ್ಟಿಯಸ್ ಎಂಬವನಿಗೆ ಗ್ರೀಕ್ ನಗರ ಮಿಲೇಟಸ್‌ಗೆ ಗುಟ್ಟಾಗಿ ಸುದ್ದಿ ಕಳಿಸಬೇಕಿತ್ತು. ನಂಬಿಕಸ್ಥ ಆಳಿನ ತಲೆ ಬೋಳಿಸಿ, ನೆತ್ತಿಯ ಮೇಲೆ ಸಂದೇಶ ಚುಚ್ಚಿಸಿದ. ಕೂದಲು ಬೆಳೆಯುವ ತನಕ ಕಾದ. ಆಮೇಲೆ ಕಳಿಸಿದ. ಅಲ್ಲಿ ಹೋಗಿ ‘ನನ್ನ ತಲೆ ಬೋಳಿಸಿ ನೋಡಿ’ ಎನ್ನುವುದಷ್ಟೇ ಆಳಿನ ಕೆಲಸ. ದಂಗೆ ಏಳಿ ಎಂಬುದು ಅದರ ಒಕ್ಕಣೆ. ಕಾದ ಕಬ್ಬಿಣದಿಂದ ಇಷ್ಟೆಲ್ಲ ಬರೆಯಲು ಆಗುತ್ತಿತ್ತೇ?

ಗ್ರೀಕರು, ರೋಮನರು ಇಂಥ ಗುರುತನ್ನು ಹೆಚ್ಚಾಗಿ ಗುಲಾಮರಿಗೆ, ಅಪರಾಧಿಗಳಿಗೆ ಹಾಕುತ್ತಿದ್ದರು. ಓಡಿಹೋದರೆ ಹಿಡಿಯಲು ಸುಲಭ. ನಾಲ್ಕನೇ ಶತಮಾನದ ಆರಂಭದಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಮುಖದ ಮೇಲೆ ಹಾಕುವುದನ್ನು ನಿಷೇಧಿಸಿದ. ಮುಖ ದೈವಿಕ ಚೆಲುವಿನ ಪ್ರತಿರೂಪ, ಕೈಕಾಲಿಗೆ ಬೇಕಾದರೆ ಹಾಕಿ ಎಂಬುದು ಅವನ ವಾದ. ಇವತ್ತು ‘ಸ್ಟಿಗ್ಮಾ’ ಎಂದರೆ ಕಳಂಕ, ಸಮಾಜ ಅಂಟಿಸಿದ ಕೆಟ್ಟ ಹೆಸರು. ಮೈಮೇಲಿನ ಗುರುತು ಹೋಗಿ ಅವಮಾನ ಮಾತ್ರ ಪದದಲ್ಲಿ ಉಳಿಯಿತು. ಪಕ್ಕದ ಥ್ರೇಸ್ ಪ್ರಾಂತ್ಯದವರದು ಪೂರ್ತಿ ಉಲ್ಟಾ ಲೆಕ್ಕ. ಮೈಮೇಲೆ ಚುಚ್ಚಿಸಿಕೊಂಡವನು ಕುಲವಂತ, ಬರಿಮೈಯವನು ಕೀಳು. ಇದನ್ನು ಹೇಳಿದವನೂ ಅದೇ ಹೆರೊಡೋಟಸ್.

ನಮ್ಮ ಭಾಷೆಯ ಜೊತೆ ನಂಟು ಹುಡುಕುತ್ತಿದ್ದೀರಲ್ಲ, ಅದು ಇಲ್ಲಿದೆ. ಗ್ರೀಕ್‌ನ ‘ಸ್ತಿಗ್’ ಮತ್ತು ಸಂಸ್ಕೃತದ ‘ತಿಜ್’ ಎಂಬ ಧಾತು ಒಂದೇ ಬೇರಿನವು. ತಿಜ್ ಎಂದರೆ ಮೊನಚಾಗಿರು. ಅದರಿಂದ ಬಂದದ್ದು ತೀಕ್ಷ್ಣ, ಅದರಿಂದಲೇ ತೇಜಸ್ಸು. ಕೇಳಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನಿಸುತ್ತದೆ ಅಲ್ವಾ? ಆದರೆ ಪ್ರತಿ ಹೆಜ್ಜೆಗೂ ಸಾಕ್ಷಿ ಇದೆ. ಗಕಾರ ಜಕಾರದ ಅದಲುಬದಲು ನಮಗೆ ಗೊತ್ತಿರುವುದೇ: ತ್ಯಾಗ–ತ್ಯಜಿಸು, ಭೋಗ–ಭೋಜನ. ತಿಜ್ ಧಾತುವಿನಲ್ಲೇ ‘ತಿಗ್ಮ’ ಎಂಬ ಇನ್ನೊಂದು ಪದವಿದೆ, ಅದಕ್ಕೂ ಮೊನಚಾದದ್ದು ಎಂದೇ ಅರ್ಥ. ಸ್ತಿಗ್ಮ–ತಿಗ್ಮ ಪಕ್ಕಪಕ್ಕ ಇಟ್ಟು ನೋಡಿ. ಮುಂದಿನ ಸಕಾರ ಬಿದ್ದುಹೋಗುವುದೂ ಹೊಸದೇನಲ್ಲ. ಇಂಗ್ಲಿಷಿನ ‘ಸ್ಟಾರ್’, ಸಂಸ್ಕೃತದ ‘ತಾರಾ’ ಹಾಗೆಯೇ ಇವೆ. ಇಂಗ್ಲಿಷಿನ ‘ಸ್ಟಿಕ್’ ಕೂಡ ಇದೇ ಬಳಗದ್ದು. ಕಳಂಕ ಎನ್ನುವ ಸ್ಟಿಗ್ಮಾ, ಹೊಳಪು ಎನ್ನುವ ತೇಜಸ್ಸು, ಎರಡೂ ಒಂದೇ ಮೊನೆಯಿಂದ ಹೊರಟವು.

ಇನ್ನು ಹಚ್ಚೆ. ‘ಹಚ್ಚು’ವಿನಿಂದ ಬಂದಿರಬೇಕು ಎಂದು ಅನಿಸುವುದು ಸಹಜ. ಬಣ್ಣ ಹಚ್ಚುತ್ತೇವಲ್ಲ! ಆದರೆ ನೆರೆಯ ಭಾಷೆಗಳನ್ನು ಕೇಳಿದರೆ ಉತ್ತರ ಬೇರೆಯೇ ಸಿಗುತ್ತದೆ. ತಮಿಳಿನಲ್ಲಿ ಇದಕ್ಕೆ ‘ಪಚ್ಚೈ ಕುತ್ತು’, ಅಂದರೆ ಹಸಿರು ಚುಚ್ಚು. ತೆಲುಗಿನಲ್ಲಿ ‘ಪಚ್ಚಬೊಟ್ಟು’, ಹಸಿರು ಬೊಟ್ಟು. ಕನ್ನಡದಲ್ಲಿ ಹಳೆಯ ಪಕಾರ ಹಕಾರವಾಗಿದೆ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಚ್ಚೆ ಹಚ್ಚೆಯಾಯಿತು. ‘ಹಚ್ಚಹಸಿರು’ ಎನ್ನುವಾಗಿನ ಹಚ್ಚವೂ ಇದೇ. ರತ್ನದ ಹೆಸರಿನಲ್ಲಿ ಮಾತ್ರ ಪಚ್ಚೆ ಪಚ್ಚೆಯಾಗಿಯೇ ಉಳಿದಿದೆ. ‘ಹಚ್ಚು’ ಬೇರೆ ಕುಟುಂಬದ್ದು. ಅದು ‘ಹತ್ತು’, ಅಂದರೆ ‘ಅಂಟಿಕೊಳ್ಳು’ ಎಂಬ ಕ್ರಿಯಾಪದದ ಜೊತೆಗಾರ.

ಮಸಿ ಕಪ್ಪಲ್ಲವೇ, ಹಸಿರು ಎಲ್ಲಿಂದ ಬಂತು? ಮಸಿ ಕಪ್ಪೇ. ಆದರೆ ಅದು ಕೂರುವುದು ಚರ್ಮದ ಎರಡನೇ ಪದರದಲ್ಲಿ. ನಾವು ಅದನ್ನು ಮೇಲಿನ ಪದರದ ಮೂಲಕ ನೋಡುತ್ತೇವೆ. ಬೆಳಕಿನ ಕೆಂಪು ಭಾಗ ಒಳಗಿಳಿದು ಮಸಿಯಲ್ಲಿ ಹೀರಿಹೋಗುತ್ತದೆ. ನೀಲಿ ಭಾಗ ಚರ್ಮದಲ್ಲೇ ಚದುರಿ ಕಣ್ಣಿಗೆ ವಾಪಸು ಬರುತ್ತದೆ. ಹಾಗಾಗಿ ಕಪ್ಪು ಮಸಿ ನೀಲಿಯಾಗಿ, ಹಸಿರಾಗಿ ಕಾಣುತ್ತದೆ. ಚೀನಿ ಭಾಷೆಯ ಒಂದು ಹೆಸರಿಗೂ ‘ನೀಲಿಹಸಿರು ಚುಚ್ಚು’ ಎಂದೇ ಅರ್ಥ. ಜಪಾನಿನವರು ಮಾತ್ರ ಬಣ್ಣ ಬಿಟ್ಟು ‘ಇರೆಝುಮಿ’, ‘ಮಸಿ ತುಂಬುವುದು’ ಎಂದರು. ಹಿಂದಿಯ ‘ಗೋದ್‌ನಾ’ ಬರೀ ಚುಚ್ಚುವುದು. ಒಬ್ಬರು ಬಡಿತವನ್ನು ಹಿಡಿದರು, ಒಬ್ಬರು ಚುಚ್ಚನ್ನು, ನಮ್ಮವರು ಗಾಯ ಮಾಗಿದ ಮೇಲೆ ಕಂಡ ಬಣ್ಣವನ್ನು.

ಯಾವುದನ್ನು ಬಳಸಬೇಕು ಎಂದು ನೀವು ಕೇಳಿಲ್ಲ. ಕೇಳಿದ್ದರೆ ಎರಡೂ ಇರಲಿ ಎನ್ನುತ್ತಿದ್ದೆ. 1891ರಲ್ಲಿ ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಒ’ರೈಲಿ ವಿದ್ಯುತ್ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಹೆಚ್ಚಿನ ಕಡೆ ಟ್ಯಾಟೂವಿನಲ್ಲಿ ಬಡಿಯುವ ಕೋಲೂ ಉಳಿದಿಲ್ಲ, ಪದ ಉಳಿದಿದೆ. ಈಗ ನಾಲ್ಕು ದಿನಕ್ಕೆ ತೊಳೆದುಹೋಗುವ ಸ್ಟಿಕ್ಕರಿಗೂ ‘ತಾತ್ಕಾಲಿಕ ಟ್ಯಾಟೂ’ ಎನ್ನುತ್ತಾರೆ. ಅಳಿಸುವುದೇ ಇಲ್ಲ ಎಂದು ಬರೆದಿದ್ದ ಕುಕ್ ಇದನ್ನು ಕೇಳಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದ. ಹಚ್ಚೆಗೆ ಇನ್ನೂ ಆ ಗತಿ ಬಂದಿಲ್ಲ. ‘ತಾತ್ಕಾಲಿಕ ಹಚ್ಚೆ’ ಎಂದರೆ ನನ್ನ ಕಿವಿಗಂತೂ ಒಗ್ಗುವುದಿಲ್ಲ.